ಸ್ಟೀಮ್ ಪೈಪಿಗೆ ಹಬ್ಬದ ಸ್ನಾನ

ಕೆಂಗೇರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಹಳೇ ಸ್ಟೀಮ್ ಪೈಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪೈಪಿನ ಸುತ್ತ ಶಾಖ ಹಿಡಿದಿಡುವ ಹತ್ತಿಯಂಥ ಹೊದಿಕೆ, ಅದರ ಮೇಲೆ ಅಲ್ಯೂಮಿನಿಯಂ ತಗಡು. ಆಯುಧಪೂಜೆ ಬಂದರೆ ನಮ್ಮ ಮ್ಯಾನೇಜರಿಗೆ ಎಲ್ಲಿಲ್ಲದ ಭಕ್ತಿ. ಚೆಂಡುಹೂವಿನ ಹಾರ ಕಟ್ಟೋಕೆ ತಗಡಿಗೆ ಸ್ಕ್ರೂ ಹೊಡೆಸುತ್ತಾರೆ, ಹಬ್ಬ ಮುಗಿದ ಮೇಲೆ ಕೀಳಿಸಿ ತೂತು ಹಾಗೇ ಬಿಡುತ್ತಾರೆ. ಮರುವರ್ಷ ಆ ತೂತುಗಳ ಮೇಲೇ ನೀರು ಬಿಟ್ಟು ತೊಳೆಸುತ್ತಾರೆ.

"ಸಾರ್, ನೀರು ಒಳಗೆ ಹೋಗಿ ಪೈಪು ತುಕ್ಕು ಹಿಡಿಯುತ್ತೆ. ಒಂದ್ಸಲ ತಗಡು ಬಿಚ್ಚಿ ನೋಡೋಣ" ಅಂದೆ.

"ಫಳಫಳ ಅಂತಿದೆಯಲ್ರೀ, ಇನ್ನೇನ್ ನೋಡ್ತೀರಾ?" ಅಂದರು.

ಈ ಸಲ ಹಬ್ಬದ ಮರುವಾರವೇ ಪೈಪು ಒಡೆದು ಸ್ಟೀಮ್ ನುಗ್ಗಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ತಗಡು ಬಿಚ್ಚಿದರೆ ಪೈಪು ಹಪ್ಪಳದ ಹಾಗೆ ಉದುರುತ್ತಿತ್ತು. ಸಾಹೇಬರು ಬಗ್ಗಿ ನೋಡಿ, ಕೆನ್ನೆ ಬಡಿದುಕೊಂಡರು.

"ಪೂಜೆಲಿ ಏನೋ ಲೋಪ ಆಗಿದೆ ಕಣ್ರೀ. ಮುಂದಿನ ಸಲ ಇನ್ನೂ ಚೆನ್ನಾಗಿ ತೊಳೆಸಿ."