ಅಳೆಯದ ಮಳೆ

ಆ ಕಾಲದಲ್ಲಿ ಜಾವಗಲ್ಲಿಗೆ ಎಷ್ಟು ಮಳೆ ಬಂತೆಂದು ತಿಳಿಯಬೇಕಾದರೆ ಯಾರಾದರೂ ನಡೆದು ಹೋಗಿ ನೋಡಬೇಕಿತ್ತು. ಕಚೇರಿಯಿಂದ ಬಂದು, ಚಪ್ಪಲಿ ಬಿಟ್ಟು, ದೀಪ ಹಾಕಲೂ ಏಳಲಾಗದೆ ಕೂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ನಮ್ಮ ಬೀದಿಯವರ ಅಳತೆ ಹಿತ್ತಲಿನ ಒರಳುಕಲ್ಲು. ಗುಳಿ ತುಂಬಿದರೆ ಭಾರಿ ಮಳೆ, ಅರ್ಧವಾದರೆ ಬಿತ್ತನೆಗೆ ಸಾಕು ಎನ್ನುತ್ತಿದ್ದಳು ಅಮ್ಮ. ಸರ್ಕಾರದ ಅಳತೆ ಬೇರೆ. ಊರಾಚೆ ಹಳೇಬೀಡು ರಸ್ತೆಯ ಶಾಲೆಯಲ್ಲಿ, ಮುಳ್ಳುತಂತಿಯೊಳಗೆ ಮಳೆಮಾಪಕವಿತ್ತು. ಅಪ್ಪ ಅಲ್ಲಿ ಮೇಷ್ಟ್ರು. ದಿನವೂ ಎಂಟೂವರೆಗೆ ಆಲಿಕೆ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದರಲ್ಲಿ ಒಂದು ಚಿತ್ತೂ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ರಾಗಿ ಬಿತ್ತನೆಯ ಹೊತ್ತಿಗೆ, ಅತ್ತೆಗೆ ಹುಷಾರಿಲ್ಲವೆಂದು ಅಪ್ಪ ಐದು ದಿನ ಬೇಲೂರಿಗೆ ಹೋಗಬೇಕಾಯಿತು. ರಿಜಿಸ್ಟರನ್ನು ನನ್ನ ಕೈಗಿತ್ತರು.

"ಮಳೆ ಬರ್ದಿದ್ರೂ ಹೋಗ್ಬೇಕು ಕಣೇ. ನೋಡಿದ್ಮೇಲೇ ಸೊನ್ನೆ ಬರೀಬೇಕು."

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರು ದಿನ ಓಡಿಹೋಗಿ ನೋಡಿ ಮೂರು ಸೊನ್ನೆ ಬರೆದೆ. ನಾಲ್ಕನೆಯ ದಿನ ಭಾನುವಾರ. ಅಮ್ಮ ರಾಗಿರೊಟ್ಟಿ ತಟ್ಟುತ್ತಿದ್ದಳು, ಹುರಿದ ಹುಚ್ಚೆಳ್ಳಿನ ವಾಸನೆ ಮನೆಯೆಲ್ಲ ಹರಡಿತ್ತು, ಬೀದಿಯಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಗೆರೆ ಎಳೆದಾಗಿತ್ತು. ಹಿತ್ತಲಿಗೆ ಹೋಗಿ ಒರಳು ನೋಡಿದೆ. ಒಣಗಿತ್ತು. ಅಲ್ಲೇ ಕೂತು ಸೊನ್ನೆ ಬರೆದು ಆಟಕ್ಕೆ ಓಡಿದೆ.

ಸೋಮವಾರ ಹೋದರೆ ಬಾಟಲಿಯಲ್ಲಿ ನೀರು! ಶನಿವಾರ ಸಂಜೆ ಆ ಕಡೆ ಗುಡುಗಿದ್ದು ನೆನಪಾಯಿತು; ನಮ್ಮ ಬೀದಿಗೆ ಬಾರದ ಮಳೆ ಅಂದೇ ಶಾಲೆಯ ಕಡೆ ಬಿದ್ದಿತ್ತು. ಅಳೆದು ಬರೆದರೆ ಭಾನುವಾರದ ಸುಳ್ಳು ಬಯಲಾಗುತ್ತದೆ. ಯಾರೂ ಇಲ್ಲವೆಂದು ನೋಡಿಕೊಂಡು ಅಷ್ಟನ್ನೂ ಬೇಲಿಯ ಬುಡಕ್ಕೆ ಚೆಲ್ಲಿ, ಇನ್ನೊಂದು ಸೊನ್ನೆ ಬರೆದೆ.

ಆ ಸಂಜೆ ಅಪ್ಪ ಬಂದರು. ಅವರ ಹಿಂದೆಯೇ ಶಾಲೆಯ ಪಕ್ಕದ ಹೊಲದ ರಂಗಣ್ಣನೂ ಬಂದ.

"ಶನ್ವಾರ ನಿಮ್ ಇಸ್ಕೂಲ್ ಕಡೆ ಒಳ್ಳೆ ಹದ ಮಳೆ ಆಗೈತೆ ಮೇಷ್ಟ್ರೇ, ರಾಗಿ ಬಿತ್ತಿ ಮುಗಿಸ್ದೆ."

ಅವನು ಹೋದ ಮೇಲೆ ಅಪ್ಪ ರಿಜಿಸ್ಟರ್ ತೆರೆದು ನನ್ನ ಮುಖ ನೋಡಿದರು. ಅಳುತ್ತ ಎಲ್ಲ ಹೇಳಿದೆ. ಮಗು ಅಳುತ್ತಿದೆ, ರಂಗಣ್ಣನನ್ನು ಕೇಳಿ ಅಂದಾಜಿಗೆ ಒಂದು ಅಂಕಿ ಹಾಕಿಬಿಡಿ ಎಂದಳು ಅಮ್ಮ. ಅಪ್ಪ ಒಪ್ಪಲಿಲ್ಲ. ನನ್ನ ಎರಡು ಸೊನ್ನೆಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದು ತಮ್ಮ ಸಹಿ ಹಾಕಿದರು. ಆ ಪುಸ್ತಕದ ಮೊದಲ ಚಿತ್ತು ಅದು.

"ಸೊನ್ನೆ ಬೇರೆ, ಅಳೆದಿಲ್ಲ ಅನ್ನೋದು ಬೇರೆ ಕಣೇ."

ಅಷ್ಟೇ ಅಂದದ್ದು. ಮರುದಿನ ಬೆಳಗ್ಗೆ ಗಾಜಿನ ಲೋಟವನ್ನು ನನ್ನ ಕೈಗೇ ಕೊಟ್ಟರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ಅಪ್ಪ ತೀರಿಕೊಂಡು ವರ್ಷಗಳಾದವು. ಶಾಲೆಯಲ್ಲೀಗ ಸೋಲಾರ್ ಹಲಗೆ ಹೊತ್ತ ಕಂಬವೊಂದು ತಾನೇ ಅಳೆದು ತಾನೇ ಕಳಿಸುತ್ತದೆಯಂತೆ. ನಾನು ಅರಸೀಕೆರೆಯ ಒಂದು ಕಚೇರಿಯಲ್ಲಿ, ಹಳ್ಳಿಗಳಿಂದ ಬಂದ ಕೆರೆ, ಬಾವಿಗಳ ನೀರಿನ ಅಂಕಿಗಳನ್ನು ದಿನವಿಡೀ ಕಂಪ್ಯೂಟರಿಗೆ ತುಂಬುತ್ತೇನೆ. ಯಾರೂ ಹೋಗಿ ನೋಡದ ಕಡೆಯಿಂದ ಅಂಕಿಯೇ ಬರುವುದಿಲ್ಲ. ಆದರೆ ಒಂದು ಚೌಕ ಖಾಲಿ ಬಿಟ್ಟರೂ ಪುಟ ಮುಂದೆ ಹೋಗುವುದಿಲ್ಲ. ಮೊದಮೊದಲು ಫೋನ್ ಮಾಡಿ ಕೇಳುತ್ತಿದ್ದೆ. ಈಗ ಸಾಕಾಗಿದೆ, ಸೊನ್ನೆ ಒತ್ತಿಬಿಡುತ್ತೇನೆ. ಅಳೆದಿಲ್ಲ ಎಂದು ಬರೆದು ಸಹಿ ಹಾಕಲು ಅಲ್ಲಿ ಜಾಗವೇ ಇಲ್ಲ.