ನಾಲ್ಕು ಚಕ್ರಕ್ಕೂ ಸರಪಳಿ

ಬೊರೊವ್ ಘಟ್ಟದ ಬುಡದಲ್ಲಿ ಮೂವತ್ತೊಂದು ವರ್ಷ ಟೈರ್ ಅಂಗಡಿ ನಡೆಸಿದ ವೂಕಾಶಿನ್‌ಗೆ ಆ ಸೆಪ್ಟೆಂಬರ್‌ನಲ್ಲಿ ಲಕ್ವ ಹೊಡೆಯಿತು. ಮಾತು ಎರಡೇ ವಾರದಲ್ಲಿ ಮರಳಿತು. ಕಾಲು ತಡವಾಗಿ, ಸ್ವಲ್ಪ ಎಳೆಯುತ್ತಲಾದರೂ ಬಂತು. ಬಲಗೈ ಮಾತ್ರ ಬರಲಿಲ್ಲ. ಏನನ್ನೋ ಹಿಡಿಯಲು ಹೋಗಿ ಅರ್ಧದಲ್ಲೇ ಮರೆತಂತೆ ಬೆರಳುಗಳು ಮಡಚಿ ನಿಂತುಬಿಟ್ಟವು.

ಮಾಂಟೆನೆಗ್ರೊದ ಆ ಮೇಲುಸೀಮೆಯಲ್ಲಿ ಅದು ಹೆಸರಾದ ಕೈ. ಚಕ್ರದ ಹಿಂದಕ್ಕೆ ತೋಳು ತೂರಿಸಿ, ಕಣ್ಣನ್ನು ಬೆಟ್ಟದ ಮೇಲೆಲ್ಲೋ ಇಟ್ಟುಕೊಂಡು, ಅವನು ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿಯ ಕೊಂಡಿ ಸಿಕ್ಕಿಸುತ್ತಿದ್ದ. ಲಾರಿಯವರು ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಹೆಂಡತಿ ಯೆಲಿಕಾ ಆರೋಗ್ಯ ಕೇಂದ್ರದ ನರ್ಸು. ಪ್ರತಿ ಗುರುವಾರ ತಮ್ಮ ಹಳೆಯ ನಿವಾ ಜೀಪಿನಲ್ಲಿ ಘಟ್ಟ ಹತ್ತಿ, ಮೇಲಿನ ಮೂರು ಹಳ್ಳಿಗಳ ಹನ್ನೊಂದು ಮುದುಕರ ಗಾಯ ತೊಳೆದು, ರಕ್ತದೊತ್ತಡ ನೋಡಿ, ಮಾತ್ರೆ ಕೊಟ್ಟು ಬರುವುದು ಅವಳ ಕೆಲಸ. ಚಳಿಗಾಲದಲ್ಲಿ ವೂಕಾಶಿನ್ ಅಂಗಡಿಗೆ ಬೀಗ ಹಾಕಿ ಅವಳ ಪಕ್ಕ ಕೂರುತ್ತಿದ್ದ. ಓಡಿಸುವುದು ಅವಳು, ಸರಪಳಿ ಕಟ್ಟುವುದು ಇವನು. ಹತ್ತೊಂಬತ್ತು ಚಳಿಗಾಲ ಹಾಗೇ ಸಾಗಿತ್ತು.

ನವೆಂಬರ್ ಕೊನೆಯಲ್ಲಿ ದೊಡ್ಡ ಡಾಕ್ಟರಮ್ಮ ಯೆಲಿಕಾಳನ್ನು ಕೂರಿಸಿಕೊಂಡು ಹೇಳಿದರು: ಬರುವ ಗುರುವಾರ ಸರಪಳಿಯನ್ನು ನೀವೇ ಕಟ್ಟಿಕೊಂಡು, ಒಬ್ಬರೇ ಹೋಗಿಬಂದರೆ ಸರಿ. ಆಗದಿದ್ದರೆ ಮೇಲಿನವರನ್ನು ವಸಂತದವರೆಗೆ ಫೋನಿನಲ್ಲೇ ವಿಚಾರಿಸಿಕೊಳ್ಳೋಣ. ಹನ್ನೊಂದು ಜನರಲ್ಲಿ ಆರು ಜನಕ್ಕೆ ಫೋನಿನ ಮಾತು ಕೇಳಿಸುವುದಿಲ್ಲ.

"ಕಲಿಸ್ತೀಯಾ?" ಎಂದು ಕೇಳಿದಳು ಯೆಲಿಕಾ, ಊಟದ ತಟ್ಟೆ ಮುಂದಿಡುತ್ತಾ.

ವೂಕಾಶಿನ್ ಎಡಗೈಯಲ್ಲಿ ಚಮಚ ಹಿಡಿದು ಬಹಳ ಹೊತ್ತು ಕಚಮಕ್ ಗಂಜಿಯನ್ನು ಕಲಕಿದ. ಅವಳಿಗೆ ಕಲಿಸುವುದೆಂದರೆ ಆ ಕೈ ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ. ಕಲಿಸದಿದ್ದರೆ ಮೇಲಿನ ಹಳ್ಳಿಯ ಸ್ತೋಯಾ ಅಜ್ಜಿಯ ಕಾಲಿನ ಹುಣ್ಣು ಯಾರು ತೊಳೆಯಬೇಕು?

"ಮೊದಲು ಸರಪಳಿ ಬೇಕು," ಎಂದ. "ಹಳೇದು ಈ ಹೊಸ ಟೈರಿಗೆ ಆಗಲ್ಲ. ಎರಡು ಕೊಂಡಿ ಸಾಲದು."

ಮರುದಿನ ಇಬ್ಬರೂ ಬೀಗ ಬಿದ್ದಿದ್ದ ಅಂಗಡಿಗೆ ಹೋದರು. ಗೋಡೆಗೆ ನೇತುಹಾಕಿದ್ದ ಸರಪಳಿಗಳ ಮೇಲೆ ಎರಡು ತಿಂಗಳ ಧೂಳು ಕೂತಿತ್ತು. ಯೆಲಿಕಾ ಎಲ್ಲಕ್ಕಿಂತ ದಪ್ಪನೆಯದನ್ನು ಕೆಳಗಿಳಿಸಿದಳು.

"ಅದು ಬೇಡ. ಮುಂದಿನ ಚಕ್ರದ ಒಳಗೆ ಬ್ರೇಕಿನ ಪೈಪು ಹತ್ತಿರದಲ್ಲೇ ಹಾದುಹೋಗುತ್ತೆ. ದಪ್ಪ ಸರಪಳಿ ಅದನ್ನೇ ಕಡಿದುಹಾಕುತ್ತೆ."

"ಇದು?"

"ಏಣಿ ಥರ ಇದೆ ನೋಡು, ಬರೀ ಅಡ್ಡ ಮೆಟ್ಟಿಲು. ನೇರ ಹೋಗುವಾಗ ಹಿಡಿಯುತ್ತೆ, ತಿರುವಿನಲ್ಲಿ ಪಕ್ಕಕ್ಕೆ ಜಾರಿಸುತ್ತೆ. ಓರೆ ಚೌಕದ ಹೆಣಿಗೆ ಇರೋದನ್ನ ತೆಗಿ. ಅದರಲ್ಲಿ ಯಾವುದಾದರೂ ಒಂದು ಕೊಂಡಿ ಯಾವಾಗಲೂ ನೆಲ ಕಚ್ಚಿಕೊಂಡಿರುತ್ತೆ."

ಅವಳು ಹೊರಗಿದ್ದ ಜೀಪಿನ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿಯನ್ನು ಓದಿ, ಸರಪಳಿಗೆ ಕಟ್ಟಿದ್ದ ಚೀಟಿಯ ಅಂಕಿಗೆ ಹೋಲಿಸಿ, ಒಂದು ಜೊತೆ ಎತ್ತಿಕೊಂಡಳು.

"ಎರಡು ಜೊತೆ," ಎಂದ ವೂಕಾಶಿನ್.

ಯೆಲಿಕಾ ತಿರುಗಿ ನೋಡಿದಳು. ಘಟ್ಟದ ಗಂಡಸರು ಜೀಪಿಗೆ ಮುಂದಿನ ಎರಡು ಚಕ್ರಕ್ಕಷ್ಟೇ ಸರಪಳಿ ಕಟ್ಟುವವರು. ನಾಲ್ಕಕ್ಕೂ ಕಟ್ಟುವುದು ಪಟ್ಟಣದಿಂದ ಸ್ಕೀ ಆಡಲು ಬರುವವರ ಲಕ್ಷಣ. ಹಾಗೆ ಕಟ್ಟಿದವರನ್ನು ನೋಡಿ ಈ ಅಂಗಡಿಯ ಬಾಗಿಲಲ್ಲೇ ನಿಂತು ಎಲ್ಲರಿಗಿಂತ ಹೆಚ್ಚು ನಕ್ಕವನು ವೂಕಾಶಿನ್.

"ನಾಲ್ಕಕ್ಕಾ? ನೀನು ಹೇಳ್ತಿರೋದಾ ಇದು?"

"ನಾನೇ."

"ಜ್ವರ ಗಿರ ಏನಾದರೂ ಬಂದಿದೆಯಾ ನೋಡ್ಲಾ?"

ಅವನು ಹಳೆಯ ಟೈರಿನ ಮೇಲೆ ಕುಳಿತ. "ಆ ವರ್ಷ ಮಾರ್ಚಿನಲ್ಲಿ ಹಿಂದಿನ ದೀಪ ಒಡೆದಿತ್ತಲ್ಲ, ಕುರಿ ಬಂದು ಗುದ್ದಿತು ಅಂದಿದ್ದೆ."

"ಹೌದು. ಆ ಕುರಿಯವನ ಜೊತೆ ನಾನು ಒಂದು ವರ್ಷ ಮಾತು ಬಿಟ್ಟಿದ್ದೆ."

"ಕುರಿ ಅಲ್ಲ. ಅವತ್ತು ನಾನೊಬ್ಬನೇ ಓಡಿಸ್ತಿದ್ದೆ, ಇಳಿಜಾರಲ್ಲಿ ಬ್ರೇಕು ಒತ್ತಿದೆ. ಸರಪಳಿ ಇದ್ದ ಮುಂದಿನ ಚಕ್ರ ಹಿಡೀತು, ಹಿಂದಿನದು ಹಿಡೀಲಿಲ್ಲ. ಜೀಪು ಗಿರ್ರನೆ ಸುತ್ತಿ ಬಂಡೆಗೆ ಹಿಂಭಾಗ ಕೊಟ್ಟು ನಿಂತಿತು. ಇನ್ನೊಂದು ಕಡೆಗೆ ಸುತ್ತಿದ್ದರೆ ಬಂಡೆ ಇರಲಿಲ್ಲ, ಕೊರಕಲು ಇತ್ತು."

ಯೆಲಿಕಾ ಎರಡನೆಯ ಜೊತೆಯನ್ನು ಗೋಡೆಯಿಂದ ತೆಗೆದು ಮೊದಲನೆಯದರ ಮೇಲಿಟ್ಟಳು. ಆಮೇಲೆ ಅವನ ಟೊಪ್ಪಿಯನ್ನು ಕಿವಿಯ ತನಕ ಎಳೆದು ಸರಿಮಾಡಿದಳು. "ಪಾಪ, ಆ ಕುರಿಯವನು," ಎಂದಳು.

ಆರು ದಿನ ಅಂಗಳದಲ್ಲಿ ಅಭ್ಯಾಸ ನಡೆಯಿತು. ಮೊದಲ ದಿನ ಒಂದು ಚಕ್ರಕ್ಕೆ ನಲವತ್ತು ನಿಮಿಷ ಹಿಡಿಯಿತು. ಎರಡನೆಯ ದಿನ ಅವಳು ಸರಪಳಿಯನ್ನು ತಲೆಕೆಳಗಾಗಿ ಹಾಕಿ, ಕೊಂಡಿಗಳ ತುದಿ ಟೈರಿನತ್ತ ತಿರುಗಿ, ಎಲ್ಲವನ್ನೂ ಬಿಚ್ಚಬೇಕಾಯಿತು. ವೂಕಾಶಿನ್ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮಾತಿನಲ್ಲೇ ಕಟ್ಟಿಸುತ್ತಿದ್ದ: ಒಳಗಿನ ಬಳೆಯನ್ನು ಚಕ್ರದ ಹಿಂದೆ ಹಾಸು, ಎರಡೂ ತುದಿ ಮೇಲೆ ತಂದು ಸೇರಿಸು, ಹೆಣಿಗೆಯನ್ನು ಇತ್ತ ಎಳಕೋ, ಹೊರಗಿನ ಕೊಂಡಿ ಹಾಕು, ಬಿಗಿ ಮಾಡು. ಅವಳ ಬೆರಳು ತಡಕಾಡಿದಾಗಲೆಲ್ಲ ಅವನ ಎಡಗೈ ತಾನಾಗಿ ಮುಂದೆ ಹೋಗುತ್ತಿತ್ತು. ನಾಲ್ಕನೆಯ ದಿನ ಯೆಲಿಕಾ ಆ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

"ನಿನ್ನ ಕೈ ಜೇಬಲ್ಲಿರಲಿ ಮಾರಾಯ. ನೋಡದೆ ಹೇಗೆ ಸಿಕ್ಕಿಸ್ತಿದ್ದೆ, ಅದನ್ನ ಹೇಳು."

ಆ ಬಗ್ಗೆ ಅವನು ಯಾವತ್ತೂ ಯೋಚಿಸಿದವನಲ್ಲ. ಕೊನೆಗೆ ಎಂದ, "ಮಗೂನ ಅಂಗಿಗೆ ಬೆನ್ನ ಹಿಂದೆ ಗುಂಡಿ ಹಾಕ್ತೀವಲ್ಲ, ಹಾಗೆ."

ಅವಳು ಕಣ್ಣು ಮುಚ್ಚಿದಳು. ಕೊಂಡಿ ಸಿಕ್ಕಿಕೊಂಡಿತು.

ಗುರುವಾರ ಘಟ್ಟದಲ್ಲಿ ಮೊಣಕಾಲೆತ್ತರ ಹೊಸ ಹಿಮ. ಬುಗ್ಗೆಯ ಬಳಿಯ ಸಮತಟ್ಟಿನ ತನಕ ವೂಕಾಶಿನ್ ಜೊತೆಗೆ ಬಂದ. ಎಲ್ಲರೂ ಸರಪಳಿ ಕಟ್ಟುವ ಜಾಗ ಅದು. ಅಲ್ಲಿಂದ ಮುಂದೆ ಅವಳೊಬ್ಬಳೇ. ಹಿಮ ತಳ್ಳುವ ಗಾಡಿಯ ಬ್ರಾಯೊ ಇವನನ್ನು ಕೆಳಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಘಟ್ಟದಲ್ಲೊಂದು ಪದ್ಧತಿ ಇದೆ. ಗಂಡಸು ಸರಪಳಿ ಕಟ್ಟುತ್ತಿದ್ದರೆ ಗಾಡಿ ನಿಲ್ಲಿಸಿ "ಎಲ್ಲಾ ಸರಿಯಾ?" ಎಂದು ಕೇಳಬೇಕು. ಅವನು ಕರೆಯದೆ ಕೈ ಹಾಕಿದರೆ ಅದು ಅವಮಾನ. ಹೆಂಗಸು ಕಟ್ಟುತ್ತಿದ್ದರೆ ಕೇಳುವುದೇ ಇಲ್ಲ, ಓಡಿಬಂದು ಕೈಯಿಂದ ಕಿತ್ತುಕೊಳ್ಳುತ್ತಾರೆ.

ಯೆಲಿಕಾ ಎರಡನೆಯ ಚಕ್ರದಲ್ಲಿದ್ದಾಗ ಬ್ರಾಯೊ ಬಂದ. ಅವನ ಹಿಂದೆಯೇ ಸೌದೆ ಲಾರಿಯ ಸೆಕುಲೆ. ಇಬ್ಬರೂ ಕೈಗವಸು ಕಳಚುತ್ತಲೇ ಇಳಿದರು.

"ಬಿಡಿ ಸಿಸ್ಟರ್, ಎರಡು ನಿಮಿಷದ ಕೆಲಸ," ಎಂದ ಸೆಕುಲೆ.

"ಅಲ್ಲೇ ನಿಲ್ಲು," ಎಂದ ವೂಕಾಶಿನ್. "ಅವಳು ನಿನ್ನ ಕರೆದಳಾ?"

"ಇಲ್ಲ ಮೇಸ್ತ್ರಿ, ಆದರೆ..."

"ಕರೀಲಿಲ್ಲವಲ್ಲ. ಎಲ್ಲಾ ಸರಿಯಾ ಅಂತ ಕೇಳು. ಕೇಳಿ ಸುಮ್ಮನೆ ನಿಂತ್ಕೋ."

ಸೆಕುಲೆ ಬ್ರಾಯೊನ ಮುಖ ನೋಡಿದ. ಆಮೇಲೆ ಗಂಟಲು ಸರಿಪಡಿಸಿಕೊಂಡು, ಮೊದಲ ಸಲ ಒಬ್ಬ ಹೆಂಗಸಿಗೆ ಕೇಳಿದ: "ಎಲ್ಲಾ ಸರಿಯಾ?"

"ಸರಿ," ಎಂದಳು ಯೆಲಿಕಾ, ಚಕ್ರದ ಹಿಂದಿನಿಂದ.

"ನಾಲ್ಕಕ್ಕೂ ಕಟ್ಟಿಸ್ತಾ ಇದ್ದೀಯಾ ಮೇಸ್ತ್ರಿ?" ಬ್ರಾಯೊ ಪಿಸುಗುಟ್ಟಿದ. "ಸ್ಕೀ ಆಡೋಕೆ ಹೊರಟಿದ್ದಾರಾ?"

"ನಗು. ನಾನೂ ನಗ್ತಿದ್ದೆ."

ನಾಲ್ಕನೆಯದನ್ನು ಕಟ್ಟುವ ಹೊತ್ತಿಗೆ ಅವಳ ಬೆರಳು ಕೆಂಪಾಗಿ ಮರಗಟ್ಟಿದ್ದವು. ಹಿಂದಿನ ಎಡಚಕ್ರದಲ್ಲಿ, ಒಳಮಗ್ಗುಲಿಗೆ, ಹೆಣಿಗೆಯ ಒಂದು ಎಳೆ ತಿರುಚಿಕೊಂಡಿತು; ಹಾಗೇ ಓಡಿಸಿದರೆ ದಾರಿಯಲ್ಲಿ ಸರಪಳಿ ಕಡಿಯಬಹುದು. ಜೀಪಿನ ಹಿಂದೆ ನಿಂತಿದ್ದ ವೂಕಾಶಿನ್ ಅದನ್ನು ಕಂಡ. ಅವಳ ಕಣ್ಣಿಗೆ ಅದು ಬೀಳಲಿಲ್ಲ. ಬಿಗಿ ಮಾಡಿ, ಎದ್ದು, ಕೈ ಉಜ್ಜಿಕೊಂಡು, ಜೀಪು ಹತ್ತಿದಳು. ಅವನ ನಾಲಿಗೆಯ ತುದಿಗೆ ಮಾತು ಬಂತು. ಅವಳು ಈ ಕಡೆ ನೋಡಲೂ ಇಲ್ಲ. ಅವನು ಬಾಯಿ ಬಿಗಿಹಿಡಿದು, ಜೇಬಿನಲ್ಲಿ ಎಡಗೈಯನ್ನು ಮುಷ್ಟಿ ಮಾಡಿ ನಿಂತ.

ಜೀಪು ನೂರು ಹೆಜ್ಜೆಯಷ್ಟು ಏರಿ, ನಿಂತಿತು. ಯೆಲಿಕಾ ಇಳಿದಳು. ಸರಪಳಿ ಕಟ್ಟಿದವರು ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ಮಾಡಬೇಕು. ಆತುರಗಾರರು ಅದನ್ನೇ ಬಿಟ್ಟುಬಿಡುತ್ತಾರೆ. ಅವಳು ಒಂದೊಂದೇ ಚಕ್ರದ ಹಿಂದೆ ತೋಳು ತೂರಿಸಿ, ಮುಖವನ್ನು ಬೆಟ್ಟದತ್ತ ತಿರುಗಿಸಿ, ತಡವುತ್ತಾ ಬಂದಳು. ಹಿಂದಿನ ಎಡಚಕ್ರದಲ್ಲಿ ಕೈ ನಿಂತಿತು. ಅವಳು ಸುಮ್ಮನೆ ಮಂಡಿಯೂರಿ, ಆ ಸರಪಳಿಯನ್ನು ಪೂರ್ತಿ ಬಿಚ್ಚಿ, ಒದರಿ, ಮೊದಲಿನಿಂದ ಕಟ್ಟತೊಡಗಿದಳು.

"ಹೋಗಲಾ ಮೇಸ್ತ್ರಿ?" ಸೆಕುಲೆ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ.

"ಬೇಡ."

ಕಾಲು ಗಂಟೆಯಾಯಿತು. ಆಮೇಲೆ ಜೀಪು ತಿರುವು ದಾಟಿತು. ಸರಪಳಿಯ ಜಣಜಣ ಪೈನ್ ಮರಗಳ ಹಿಂದೆ ಏರುತ್ತಾ ಏರುತ್ತಾ ತೆಳುವಾಯಿತು. ಮೂವರೂ ಅದು ಪೂರ್ತಿ ಕೇಳಿಸದಾಗುವವರೆಗೆ ನಿಂತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಯೆಲಿಕಾಳ ಫೋನು ಬಂತು.

"ಸ್ತೋಯಾ ಅಜ್ಜಿ ಹುಣ್ಣು ತೊಳೆದೆ. ಒಣಗ್ತಾ ಇದೆ. ನಿನ್ನ ಕೇಳ್ತಿದ್ದಾಳೆ, ಇಸ್ಪೀಟಿಗೆ ಜನ ಇಲ್ಲವಂತೆ."

"ಹೂಂ."

"ಆ ಎಳೆ ತಿರುಚಿಕೊಂಡಿದ್ದು ನೋಡಿದ್ದೆ ಅಲ್ವಾ ನೀನು?"

"ನೋಡಿದೆ."

"ಯಾಕೆ ಹೇಳಲಿಲ್ಲ?"

"ನಿನ್ನ ಕೈಗೇ ಸಿಗಲಿ ಅಂತ."

"ಸಿಗದೇ ಹೋಗಿದ್ದರೆ?"

"ಕೂಗ್ತಿದ್ದೆ. ನೂರು ಹೆಜ್ಜೆಗೆ ನನ್ನ ದನಿ ಮುಟ್ಟುತ್ತೆ."

ಆ ತುದಿಯಲ್ಲಿ ಒಲೆಯ ಸದ್ದು, ಯಾರದೋ ಕೆಮ್ಮು.

"ನಾಲ್ಕಕ್ಕೂ ಸರಪಳಿ ಇದ್ದರೂ ಇಳಿಯುವಾಗ ಎರಡನೇ ಗೇರೇ ತಾನೇ?"

"ಎರಡನೇದು. ಬ್ರೇಕು ಮುಟ್ಟಬೇಡ."

"ಸರಿ. ಮುಂದಿನ ಗುರುವಾರಾನೂ ಬರ್ತೀನಿ ಅಂತ ಇವರಿಗೆಲ್ಲ ಹೇಳಿಬಿಟ್ಟಿದ್ದೀನಿ," ಎಂದಳು. "ನೀನೂ ಬಾ. ಸುಮ್ಮನೆ ಪಕ್ಕದಲ್ಲಿ ಕೂತಿರು."