ಉಜ್ಜದೆ ಉಳಿಸಿದ ಬಂದೂಕು

ಊರೂರಿನ ಬಂದೂಕುಗಳನ್ನೆಲ್ಲ ತಂದೊಪ್ಪಿಸಬೇಕೆಂದು ಕಂಪನಿ ಸರಕಾರ ಡಂಗುರ ಸಾರಿಸುವುದಕ್ಕೆ ಮೂರು-ನಾಲ್ಕು ವರ್ಷ ಮೊದಲಿನ ಮಾತು. ಆಗ ರೋಣದಲ್ಲಿ ನನ್ನ ಕುಲುಮೆ ಇತ್ತು. ನೇಗಿಲಿನ ಕುಳ, ಕುಡುಗೋಲು, ಗಾಡಿಯ ಹಳಿ ನನ್ನ ನಿತ್ಯದ ಕೆಲಸ. ಆದರೆ ಯಾರಾದರೂ ಹಳೆಯ ಆಯುಧ ತಂದರೆ ಉಳಿದದ್ದೆಲ್ಲ ಮೂಲೆಗೆ ಸರಿಯುತ್ತಿತ್ತು. ಕುಳ ಮಾಡುವವರು ಹತ್ತು ಜನ ಸಿಗುತ್ತಾರೆ, ಇದು ನನ್ನದು ಎಂಬ ಹಮ್ಮು ನನಗಿತ್ತು. ಈಗಲೂ ಇದೆ.

ಬೇಸಿಗೆಯ ಒಂದು ಬೆಳಿಗ್ಗೆ ಮೆಣಸಗಿಯಿಂದ ಒಬ್ಬ ಹೆಣ್ಣುಮಗಳು ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಹೆಗಲ ಮೇಲೆ ಹೊತ್ತು ಬಂದಳು. ನಲವತ್ತರ ಆಸುಪಾಸಿನ ವಿಧವೆ. ಗಂಟು ಬಿಚ್ಚಿದರೆ ಬತ್ತಿ ತಾಗಿಸಿ ಹಾರಿಸುವ ಹಳೇ ಕಾಲದ ಬಂದೂಕು. ನಳಿಗೆಯ ತುಂಬ ತುಕ್ಕು, ಮರದ ಹಿಡಿಯ ಮೇಲೆ ಹೊಗೆ ಮತ್ತು ಜಿಡ್ಡು.

"ನಮ್ಮ ಮನಿ ಪಾಲಾತ್ರಿ ಅಣ್ಣಾರ," ಎಂದಳು. "ಹೊಳಿ ದಂಡಿ ಮ್ಯಾಲಿನ ಹೊಲ ನನಗ ಬಂತು. ಎತ್ತು, ಗಾಡಿ ಎಲ್ಲಾ ಭಾವ ಇಟ್ಕೊಂಡ. 'ನಿನ್ನ ಗಂಡ ಜೀವಾ ಇಟ್ಕೊಂಡಿದ್ದ ವಸ್ತು ಇದು, ನೀನ ತಗೋ' ಅಂತ ಇದನ್ನ ಕೊಟ್ಟು ನಕ್ಕ. ಎತ್ತಿಲ್ದ ಹೊಲ ಹ್ಯಾಂಗ ಉಳ್ಲಿ? ಮಾರಬೇಕಂತ ನರಗುಂದಕ್ಕ ಒಯ್ದಿದ್ದೆ. ಅಲ್ಲಿ ಸಾಣಿ ಹಿಡಿಯಾಂವ ಒಬ್ಬ, ಮರಳ ಹಾಕಿ ತಿಕ್ಕಿ ಒಂದ ದಿನದಾಗ ಕನ್ನಡಿ ಮಾಡಿ ಕೊಡತೇನಿ ಅಂದ. ಯಾಕೋ ಮನಸ್ಸು ಬರಲಿಲ್ಲ."

"ಚಲೋ ಮಾಡಿದ್ರಿ, ಅವ್ವಾರ," ಎಂದೆ. ಹಾಗೆ ತಿಕ್ಕುವುದರ ನಷ್ಟ ನನಗೆ ಗೊತ್ತಿತ್ತು. ಹರೆಯದಲ್ಲಿ ನಾನೊಂದು ಕಠಾರಿಯನ್ನು ಇಟ್ಟಿಗೆ ಪುಡಿಯಿಂದ ತಿಕ್ಕಿ ಫಳಫಳ ಮಾಡಿದ್ದೆ. ಆ ಹೊಳಪಿನ ಜೊತೆಗೆ ಅದರ ಮೇಲಿದ್ದ ಅಕ್ಷರಗಳೂ ಹೋಗಿದ್ದವು. ಅದನ್ನು ತಂದಿದ್ದ ಮುದುಕ ಒಂದು ಮಾತೂ ಆಡದೆ ಎದ್ದು ಹೋದ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮೊದಲು ಮದ್ದು ಜಡಿಯುವ ಕೋಲನ್ನು, ಅಂದರೆ ಗಜವನ್ನು, ನಳಿಗೆಯೊಳಗೆ ಇಳಿಸಿ, ಬಾಯಿಯ ಹತ್ತಿರ ಹೆಬ್ಬೆರಳು ಒತ್ತಿ ಗುರುತು ಹಿಡಿದೆ. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಿದರೆ ಗಜ ಬುಡ ಮುಟ್ಟಲು ನಾಲ್ಕು ಬೆರಳು ಕಡಿಮೆ. ಒಳಗೆ ಮದ್ದು, ಗುಂಡು ಹಾಗೇ ಇದ್ದವು. ಆಕೆ ಅದನ್ನು ಹೆಗಲ ಮೇಲಿಟ್ಟುಕೊಂಡು ನರಗುಂದದವರೆಗೆ ಹೋಗಿದ್ದಳು, ಇಲ್ಲಿಯವರೆಗೆ ಬಂದಿದ್ದಳು!

ನೀರಿನ ಕೊಡ ಎತ್ತಿ ಉರಿಯುವ ಕುಲುಮೆಗೆ ಸುರಿದೆ. ಹೆಂಡತಿ ಒಳಗಿನಿಂದ ಓಡಿ ಬಂದಳು.

"ತಲಿ ಕೆಟ್ಟೈತೇನ್ರಿ? ಹೊತ್ತ ಏರೂದರಾಗ ಕುಲುಮಿ ಆರಿಸೀರಿ!"

"ಇದು ತುಂಬಿದ ಬಂದೂಕು. ಒಂದು ಕಿಡಿ ಹಾರಿದ್ರ ನಾವ್ಯಾರೂ ಉಳಿಯೂದಿಲ್ಲ."

ಆಕೆ ಒಲೆಯನ್ನೂ ಆರಿಸಿದಳು. ಅಂದು ಪಕ್ಕದ ಮನೆಯ ರೊಟ್ಟಿ ಉಂಡೆವು. ಬತ್ತಿ ತಾಗುವ ತೂತಿನಿಂದ ನೀರು ಬಿಟ್ಟು ಎರಡು ದಿನ ಮದ್ದನ್ನು ನೆನೆಯಿಸಿದೆ. ಮೂರನೆಯ ದಿನ ಗಜದ ತುದಿಗೆ ತಿರುಚಿದ ಮೊಳೆ ಕಟ್ಟಿ, ನಳಿಗೆಯ ಬಾಯಿಯೆದುರು ನಿಲ್ಲದೆ, ನಿಧಾನ ತಿರುವುತ್ತ ಎಳೆದೆ. ಅರಿವೆಯ ತುಣುಕು ಬಂತು, ಆಮೇಲೆ ಸೀಸದ ಗುಂಡು, ಕೊನೆಗೆ ಕರಿ ಕೆಸರಿನಂಥ ಮದ್ದು. ಬಿಸಿನೀರಿನಲ್ಲಿ ಒಳಗನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿದೆ.

ಹೊರಗಿನ ಕೆಲಸ ಅದಕ್ಕಿಂತ ತಾಳ್ಮೆಯದು. ಕುಸುಬಿ ಎಣ್ಣೆಯಲ್ಲಿ ಅರಳೆ ಅದ್ದಿ ತುಕ್ಕಿನ ಮೇಲಿಟ್ಟು ರಾತ್ರಿಯಿಡೀ ಬಿಡುವುದು, ಬೆಳಿಗ್ಗೆ ಬಿದಿರಿನ ಚಕ್ಕೆಯಿಂದ ಸಡಿಲಾದಷ್ಟನ್ನೇ ಕೆರೆಯುವುದು, ಒರೆಸುವುದು, ಮತ್ತೆ ಎಣ್ಣೆ. ಕಬ್ಬಿಣಕ್ಕಿಂತ ಗಟ್ಟಿಯಾದದ್ದು ಯಾವುದೂ ಅದರ ಮೈ ಮುಟ್ಟಬಾರದು. ಕೆಂಪು ತುಕ್ಕು ಹೋಗಬೇಕು, ಅದರ ಕೆಳಗೆ ವರುಷಗಳಿಂದ ಕೂತ ಕಂದು ಬಣ್ಣ ಉಳಿಯಬೇಕು. ಮರದ ಹಿಡಿಗೆ ಒದ್ದೆ ಅರಿವೆ, ಆಮೇಲೆ ತೆಳ್ಳಗೆ ಅಗಸೆ ಎಣ್ಣೆ. ಒಂದು ಕಡೆ ನಳಿಗೆಯನ್ನು ಮರಕ್ಕೆ ಬಿಗಿದಿದ್ದ ಬೆಳ್ಳಿಯ ಕಟ್ಟು ಕಿತ್ತುಹೋಗಿ ಅಲ್ಲಿ ತೊಗಲಿನ ಪಟ್ಟಿ ಸುತ್ತಿದ್ದರು. ಅದನ್ನು ಬದಲಿಸಲಿಲ್ಲ.

ಆರನೆಯ ದಿನ ಒರೆಸುತ್ತಿದ್ದ ನನ್ನ ಹೆಂಡತಿ ತಟ್ಟನೆ ಕೈ ನಿಲ್ಲಿಸಿದಳು. "ಇಲ್ಲಿ ನೋಡ್ರಿ, ಏನೋ ಹಳದಿ ಹೊಳಿತೈತಿ." ನಳಿಗೆಯ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಬಂಗಾರದ ಬಳ್ಳಿ ಕೂರಿಸಿದ್ದರು. ಬಳ್ಳಿಯ ನಡುವೆ ಮಾಡಿದವನ ಮುದ್ರೆ. ಅಲ್ಲಿಂದ ಮುಂದೆ ಆ ಜಾಗವನ್ನು ಆಕೆಗೇ ಬಿಟ್ಟೆ. ನನಗಿಂತ ಆಕೆಯ ಬೆರಳು ಹಗುರ.

ಹತ್ತನೆಯ ದಿನ ಮೆಣಸಗಿಯ ಹೆಣ್ಣುಮಗಳು ಬಂದಳು. ಸಂಗಡ ಆಕೆಯ ಭಾವನೂ ಇದ್ದ. ಬಂದೂಕು ನೋಡಿ ಆತ ಗೊಳ್ಳೆಂದು ನಕ್ಕ. "ಹತ್ತ ದಿನಾ ತಿಕ್ಕಿ ಇಷ್ಟ ಏನಪಾ? ಹೋದಾಗ ಹ್ಯಾಂಗಿತ್ತೋ ಹಂಗ ಐತಿ!" ಆಕೆಯ ಮುಖವೂ ಬಾಡಿತು. "ಗಜೇಂದ್ರಗಡಕ್ಕ ಹೋಗೂಣು. ಅಲ್ಲಿ ಬೆಲಿ ಕಟ್ಟಾವರು ಹೇಳ್ಲಿ," ಎಂದೆ.

ಭಾವನ ಗಾಡಿಯಲ್ಲೇ ಹೋದೆವು. ದಾರಿಯುದ್ದಕ್ಕೂ ಆತನ ನಗೆಮಾತು ನಿಲ್ಲಲಿಲ್ಲ.

ಗಜೇಂದ್ರಗಡದಲ್ಲಿ ಹಳೆಯ ಆಯುಧಗಳನ್ನು ಪರೀಕ್ಷಿಸುವ ಒಬ್ಬ ಮುದುಕರಿದ್ದರು. ಸುತ್ತಿನ ಸಿರಿವಂತರ ವಾಡೆಗಳಲ್ಲಿ ಅವರು ಹೇಳಿದ್ದೇ ಬೆಲೆ. ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ತಿರುಗಿಸಿದರು. ನಳಿಗೆಯ ಮೇಲೆ ಉಗುರಿನ ತುದಿ ಆಡಿಸಿದರು. ಬಂಗಾರದ ಬಳ್ಳಿಯ ಹತ್ತಿರ ಬಹಳ ಹೊತ್ತು ತಡೆದರು. ತೊಗಲಿನ ಪಟ್ಟಿಯನ್ನು ಮುಟ್ಟಿ, "ಇದ್ಯಾರು ಸುತ್ತಿದ್ದು?" ಎಂದು ಕೇಳಿದರು.

"ನಮ್ಮ ಯಜಮಾನ್ರು, ರಿ," ಎಂದಳು ಆಕೆ, ಅಪರಾಧ ಮಾಡಿದವಳ ಹಾಗೆ.

"ಇರ್ಲಿ ಬಿಡವ್ವಾ. ಹೊಸಾ ಬೆಳ್ಳಿ ಹಾಕಿ ಹಳೇದು ಅಂತ ಸುಳ್ಳ ಹೇಳಿಲ್ಲಲ್ಲ."

ಆಮೇಲೆ ಒಳಗಿನಿಂದ ಇನ್ನೊಂದು ಬಂದೂಕು ತಂದು ಪಕ್ಕಕ್ಕಿಟ್ಟರು. ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಭಾವ ಅದರತ್ತ ಕೈ ಮಾಡಿ, "ನೋಡು, ಹಿಂಗಿರಬೇಕು!" ಎಂದ.

ಮುದುಕರು ತಲೆಯಾಡಿಸಿದರು. "ಅದೂ ಇದರಂಥಾದ್ದ ಇತ್ತಪಾ. ಮರಳ ಹಾಕಿ ತಿಕ್ಕಿಸ್ಯಾರ. ಮುದ್ರಿ ಹೋತು, ಬಳ್ಳಿ ಹೋತು. ಈಗ ತೂಕದ ಲೆಕ್ಕದಾಗ ಕಬ್ಬಿಣ, ಅಷ್ಟ. ಈ ಅವ್ವನ ಬಂದೂಕಿಗೆ ಎರಡು ಜೋಡಿ ಚಲೋ ಎತ್ತಿನ ಬೆಲಿ ಐತಿ. ಇವತ್ತ ಕೊಡಾವರನ್ನ ನಾನ ಕರಸ್ತೇನಿ."

ಭಾವ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಕೆ ಬಂದೂಕಿನ ಹಿಡಿಯ ಮೇಲೆ ಕೈಯಿಟ್ಟಳು. ಮಾರುವುದಿಲ್ಲ ಎನ್ನುತ್ತಾಳೇನೋ ಎಂದುಕೊಂಡೆ. ಆಕೆ ಹೇಳಿದಳು: "ಅವರಿದ್ದಿದ್ರ ಎತ್ತ ತಗೋ ಅಂತಿದ್ರು. ಕೊಟ್ಟಬಿಡ್ರಿ." ಗಂಡ ಸುತ್ತಿದ್ದ ತೊಗಲಿನ ಪಟ್ಟಿಯನ್ನು ಮಾತ್ರ ಬಿಚ್ಚಿಕೊಳ್ಳಲೇ ಎಂದು ಕೇಳಿದಳು. ಮುದುಕರು ತಾವೇ ಬಿಚ್ಚಿ ಆಕೆಯ ಕೈಗಿತ್ತರು.

ಬಳಿಕ ನನ್ನ ಕಡೆ ತಿರುಗಿದರು. "ಇದನ್ನ ಸ್ವಚ್ಛ ಮಾಡಿದಾಂವ ನೀನ ಏನು?"

"ನಾನು, ನನ್ನ ಹೆಂಡ್ತಿ, ರಿ."

ಬಾಗಿಲ ಬಳಿ ಕೂತಿದ್ದ ನನ್ನನ್ನು ಕರೆದು ತಮ್ಮ ಜಮಖಾನದ ಮೇಲೆ ಕೂರಿಸಿಕೊಂಡರು. ಅಷ್ಟು ದೊಡ್ಡವರ ಪಕ್ಕದಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಕೈಯಲ್ಲಿನ್ನೂ ಕುಸುಬಿ ಎಣ್ಣೆಯ ವಾಸನೆ ಇತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದು ಅನ್ನಿಸಲಿಲ್ಲ.

ಮರುದಿನ ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ಕೇಳಿದ್ದು ಒಂದೇ: "ನನ್ನ ಹೆಸರೂ ಹೇಳಿದ್ರೇನು?" ಹೇಳಿದೆ ಎಂದೆ. ಆಕೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಬಾವಿಯ ಕಡೆ ನಡೆದಳು. ಸಂಜೆಯೊಳಗೆ ಓಣಿಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು.